ಹುಬ್ಬಿಗೆ ಬೆಲೆಯಿಲ್ಲದ ಕೆಲಸ

"ಹುಬ್ಬಿಲ್ಲದ ಗಂಡಸನ್ನ ನಂಬಬೇಡ ಅಂತ ನಮ್ಮಜ್ಜಿ ಹೇಳ್ತಿದ್ದಳು," ಎಂದು ತರೈವಿನಿ ಇಡೀ ಮೀನುಕಟ್ಟೆಗೆ ಕೇಳುವ ಹಾಗೆ ಹೇಳಿದಳು. "ಇವತ್ತು ನೋಡು, ನನ್ನ ಒಲೆ ಉರಿಯೋದೂ ಆರೋದೂ ಅಂಥವನ ಕೈಗೇ ಬಂದು ನಿಂತಿದೆ."

"ನಿನ್ನಜ್ಜಿ ನನಗೂ ಅಜ್ಜೀನೇ ಅಲ್ವಾ," ಎಂದ ಸಕಿಯುಸಾ. ಮ್ಯಾನ್‌ಹೋಲಿನ ಅಂಚಿನಲ್ಲಿ ಮಂಡಿಯೂರಿ ಕೂತವನು ತಲೆ ಎತ್ತಲಿಲ್ಲ. "ನನಗೆ ಹೇಳಿದ್ದೇ ಬೇರೆ. ಅತ್ತೆ ಮಗಳು ತರೈವಿನಿ ಮಾಡಿದ ಮೀನು ಬಿಡಬೇಡ ಕಣೋ, ಆಡಿದ ಮಾತನ್ನೆಲ್ಲ ಅಲ್ಲೇ ಬಿಟ್ಟು ಬಾ ಅಂದಿದ್ದಳು."

ಮೀನು ಮಾರುವ ಹೆಂಗಸರು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಅತ್ತೆಯ ಮಗಳು, ಮಾವನ ಮಗ. ಈ ದ್ವೀಪದ ಸುವಾ ಬಂದರಿನಲ್ಲಿ ಇವರಿಬ್ಬರು ಎಂದಾದರೂ ಮರ್ಯಾದೆಯಿಂದ ಮಾತಾಡಿಕೊಂಡರೆ ಯಾರೋ ಸತ್ತಿರಬೇಕು ಎಂದೇ ಜನ ತಿಳಿಯುತ್ತಾರೆ.

ಕೊಳವೆ ತೊಳೆಯುವ ಪಂಪಿನ ಲಾರಿಯ ಬಳಿ ನಿಂತಿದ್ದ ಅಸಿನಾತೆಗೆ ಮಾತ್ರ ನಗು ಬರಲಿಲ್ಲ. ತರೈವಿನಿ ಅವಳ ಸೋದರತ್ತೆ, ಸಾಕಿದ ತಾಯಿ. ಇಬ್ಬರು ಮಕ್ಕಳ ತಾಯಿಯಾದ ಮೇಲೆ ಅಸಿನಾತೆ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕೂತು ಕೂತು ಬೆನ್ನು ಹಾಳುಮಾಡಿಕೊಂಡಾಗ, "ಭಾವ, ಇವಳಿಗೆ ಇಂಜಿನ್ ಸದ್ದು ಕೇಳಿದ್ರೆ ಜ್ವರ ಬಿಡುತ್ತೆ, ನಿನ್ನ ಲಾರಿ ಹತ್ತಿಸ್ಕೋ" ಎಂದು ಸಕಿಯುಸಾನಿಗೆ ಒಪ್ಪಿಸಿದವಳೂ ಅವಳೇ. ಈಗ ಆ ಅತ್ತೆಯ ಅಡುಗೆಕೋಣೆಗೇ ಬೀಗ ಬಿದ್ದಿತ್ತು. ಮಾರುಕಟ್ಟೆಯ ಊಟದಂಗಡಿಗಳ ಸಾಲಿನಲ್ಲಿ ಕೊನೆಯ ಕೋಣೆ ಅವಳದು. ನೆಲದಡಿಯ ಕೊಳವೆ ಕಟ್ಟಿಕೊಂಡು ಕೊಳಚೆ ಉಕ್ಕಿದ್ದು ಅವಳ ಬಚ್ಚಲಲ್ಲೇ. ಮಾರುಕಟ್ಟೆಯ ಉಸ್ತುವಾರಿ ಗೌಂಡರ್ ಒಳ್ಳೆಯ ಮನುಷ್ಯ. ಬೆಳಿಗ್ಗೆ ಬಂದು ಸಂಕೋಚದಿಂದಲೇ ಹೇಳಿದ್ದ: "ಅಕ್ಕಾ, ಊಟದ ಗಂಟೆ ಹೊಡೆಯೋದ್ರೊಳಗೆ ನೀರು ಇಳಿದ್ರೆ ನಾನೇ ಬೀಗ ತೆಗೀತೀನಿ. ಇಳೀಲಿಲ್ಲಾಂದ್ರೆ ಈ ಕೋಣೆ ಕಾಯಂ ಮುಚ್ಚಿಬಿಡಿ ಅಂತ ಮೇಲಿಂದ ಹೇಳಿದಾರೆ. ಆಮೇಲೆ ನನ್ನ ಕೈಲೇನೂ ಇಲ್ಲ."

ಅತ್ತೆ ಸುಮ್ಮನಿರುವವಳೇ? ಮನೆಯಲ್ಲೇ ಅಡುಗೆ ಮಾಡಿ, ಕಾಯಿಹಾಲಿನ ಮೀನು, ಕೆಸುವಿನ ಸೊಪ್ಪು, ಬೇಯಿಸಿದ ಮರಗೆಣಸು ಎಲ್ಲವನ್ನೂ ತಳ್ಳುಗಾಡಿಯಲ್ಲಿ ತಂದು, ಬಾಳೆಲೆ ಮುಚ್ಚಿ, ಬೀಗದ ಎದುರಿಗೇ ನಿಲ್ಲಿಸಿದ್ದಳು. ದಕ್ಕೆಗೆ ಹಡಗು ಬಂದಿತ್ತು. ಹಮಾಲರು ಹಸಿದು ಬರುತ್ತಾರೆ. ಇನ್ನೊಂದು ಕಡೆಯಿಂದ ಕಡಲೂ ಬರುತ್ತಿತ್ತು. ಕೊಳವೆ ತೊಳೆಯುವುದು ಕೆಳಗಿನಿಂದ ಮೇಲಕ್ಕೆ, ಕಿತ್ತ ಕೊಳೆ ಕೆಳಕ್ಕೆ ಹರಿದು ಬರಬೇಕಲ್ಲ. ಆ ಕೆಳಗಿನ ಮ್ಯಾನ್‌ಹೋಲ್ ದಕ್ಕೆಯ ಗೋಡೆಗೆ ಅಂಟಿಕೊಂಡಂತಿತ್ತು. ಉಬ್ಬರ ಏರಿ ಅದರೊಳಗೆ ಉಪ್ಪುನೀರು ನಿಂತಿತೆಂದರೆ ಒಳಗೇನು ನಡೆಯುತ್ತಿದೆ ಎಂದು ಕಾಣದು. ಕಾಣದ ಕಡೆ ಸಕಿಯುಸಾ ನೀರು ಬಿಡುವವನಲ್ಲ. ಗಂಟು ಕಟ್ಟಿ ಹೊರಟುಬಿಡುತ್ತಾನೆ. ಒಮ್ಮೆ ಮಂತ್ರಿಗಳ ಮನೆಯ ಮುಂದಿನಿಂದಲೂ ಹಾಗೇ ಹೊರಟಿದ್ದ.

ತರೈವಿನಿ ಲಾರಿಯ ಹತ್ತಿರ ಬಂದು ದನಿ ತಗ್ಗಿಸಿದಳು. "ಲೇ ಅಸಿನಾತೆ, ಆ ಹಿಡಿ ಬೇಗ ಬೇಗ ತಿರುಗಿಸೇ. ನಿನ್ನ ಮಾವ ಪಾದ್ರಿ ಇದ್ದಂಗೆ, ಒಂದೊಂದು ಮಾತಿಗೂ ಆಮೆನ್ ಹೇಳಿಸ್ತಾನೆ. ಹಿಂಗಾದ್ರೆ ನನ್ನ ಮೀನು ಪಾತ್ರೆಯಿಂದೆದ್ದು ಕಡಲಿಗೆ ವಾಪಸ್ ಹೋಗುತ್ತೆ."

ಅತ್ತೆ ಕೇಳಿದ್ದಕ್ಕೆ ಇಲ್ಲ ಎನ್ನುವ ಬಾಯಿ ಈ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ. ಅಸಿನಾತೆ ಪಂಪಿನ ಹಿಡಿಯ ಮೇಲಿದ್ದ ಕೈಯನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡಳು, ಅಷ್ಟೆ.

ಆಮೆನ್ ಹೇಳಿಸುವುದಂತೂ ನಿಜ. ಇಲ್ಲಿ ಹೌದು ಎನ್ನಲು ಯಾರೂ ಬಾಯಿ ತೆರೆಯುವುದಿಲ್ಲ, ಹುಬ್ಬು ಹಾರಿಸಿದರೆ ಮುಗಿಯಿತು. ಊಟ ಆಯ್ತಾ? ಹುಬ್ಬು. ಹುಡುಗ ಒಪ್ಪಿಗೆಯಾ? ಹುಬ್ಬು. ದಾರಿಯಲ್ಲಿ ಸಿಕ್ಕವರ ಕ್ಷೇಮಸಮಾಚಾರವೂ ಹುಬ್ಬಿನಲ್ಲೇ. ಸಕಿಯುಸಾನ ಹುಬ್ಬು ಹೋದದ್ದೂ ಅದರಿಂದಲೇ. ಬಹಳ ವರ್ಷಗಳ ಹಿಂದೆ, ಪೈಪಿನ ತುದಿಯ ಹಿತ್ತಾಳೆ ಮೂತಿಯನ್ನು ಇನ್ನೂ ಕೊಳವೆಯೊಳಕ್ಕೆ ಇಳಿಸದೆ ಕೈಯಲ್ಲಿ ಹಿಡಿದು ನಿಂತಿದ್ದಾಗ, ತೆಂಗಿನಕಾಯಿ ಹೊತ್ತ ಪರಿಚಯದ ಹೆಂಗಸೊಬ್ಬಳು ಎದುರಿಗೆ ಹಾದುಹೋದಳು. ಅವನು ಹುಬ್ಬು ಹಾರಿಸಿದ್ದು ಅವಳಿಗೆ. ಪಂಪಿನ ಬಳಿ 'ಬಿಡ್ಲಾ?' ಎಂದು ಕಾಯುತ್ತಿದ್ದವನು ಅದನ್ನು ತನಗೆಂದುಕೊಂಡು ನೀರು ಬಿಟ್ಟ. ಪೈಪು ಕೈಯಿಂದ ಚಿಮ್ಮಿ, ನೆಲದ ಮೇಲೆ ಹೊರಳಾಡಿ, ನೀರಿನ ಎಳೆಯೊಂದು ಸೂಜಿಯಂತೆ ಸಕಿಯುಸಾನ ಬೂಟನ್ನು ತೂರಿಹೋಯಿತು. ದೇವರು ದೊಡ್ಡವನು, ಅದು ಹಾದದ್ದು ಕಾಲಿನ ಎರಡು ಬೆರಳುಗಳ ಸಂದಿಯಲ್ಲಿ.

ಆ ಬೂಟು ಈಗಲೂ ಲಾರಿಯೊಳಗೆ ತೂಗುತ್ತದೆ. ಅಸಿನಾತೆ ಕೆಲಸಕ್ಕೆ ಬಂದ ದಿನ ಅವನು ಮೊದಲು ಅವಳ ಕೈಗೆ ಕೊಟ್ಟದ್ದು ಅದನ್ನೇ.

"ತೂತು ಹುಡುಕು," ಎಂದಿದ್ದ.

ಸೂಜಿಗೆ ದಾರ ಪೋಣಿಸಿ ಪಳಗಿದ ಕಣ್ಣು ಅವಳದು, ಆದರೂ ಹೊತ್ತು ಹಿಡಿಯಿತು. ಮೊಳೆಯ ತುದಿಯಷ್ಟು ತೂತು, ಮೇಲಿಂದ ಕೆಳಗಿನವರೆಗೆ.

"ಇದು ಮೈಗೆ ಆಗಿದ್ರೆ ನೆಟ್ಟಗೆ ರಕ್ತಾನೂ ಬರಲ್ಲ. ಇರುವೆ ಕಚ್ಚಿತು ಅಂದ್ಕೊಂಡು ಮನೆಗ್ ಹೋಗಿ ಮಲಗ್ತೀವಿ. ಒಳಗೆ ಕೊಳಚೆ ಹೊಕ್ಕಿರುತ್ತೆ. ಕೈ ಹೋಗುತ್ತೆ, ಕೆಲವ್ರಿಗೆ ಜೀವಾನೇ ಹೋಗುತ್ತೆ. ಇಷ್ಟೇ ಇಷ್ಟು ತೂತಾದ್ರೂ ಸೀದಾ ಆಸ್ಪತ್ರೆ. ತಿಳೀತಾ?"

ಅಸಿನಾತೆ ಹುಬ್ಬು ಹಾರಿಸಿದ್ದಳು.

"ಬಾಯಲ್ಲಿ," ಎಂದಿದ್ದ ಸಕಿಯುಸಾ.

ಬೂಟಿಗೆ ತೂತು ಬಿದ್ದ ಸಂಜೆಯೇ ಅವನು ಎರಡೂ ಹುಬ್ಬು ಬೋಳಿಸಿಕೊಂಡನಂತೆ. ಹೆಂಡತಿ ಕಿರುಚಿಕೊಂಡಳಂತೆ. ಭಾನುವಾರ ಚರ್ಚಿನಲ್ಲಿ, ಯಾವ ಊರಿನ ಯಜಮಾನರು ತೀರಿಕೊಂಡರು ಎಂದು ಜನ ಮೆಲ್ಲಗೆ ವಿಚಾರಿಸಿದರಂತೆ. "ಊರವರ ಹುಬ್ಬೆಲ್ಲ ಬೋಳಿಸೋಕಾಗುತ್ತಾ? ನನ್ನದು ನನ್ನ ಕೈಲಿದೆ," ಎಂದನಂತೆ. ಅಂದಿನಿಂದ ಗಡ್ಡದ ಜೊತೆ ಹುಬ್ಬೂ ಹೋಗುತ್ತದೆ. ಮೊದಮೊದಲು ಅಸಿನಾತೆಗೆ ಆ ಮುಖ ಸುಲಿದ ಮೊಟ್ಟೆಯ ಹಾಗೆ ಕಂಡು ನಗು ತಡೆಯಲಾಗುತ್ತಿರಲಿಲ್ಲ. ಈಗ ಕೆಲಸದ ಜಾಗಕ್ಕೆ ಬಂದೊಡನೆ ಅವಳ ಕಣ್ಣು ಮೊದಲು ಹುಡುಕುವುದು ಆ ಮುಖವನ್ನೇ.

ಸಕಿಯುಸಾ ಎದ್ದು ನಿಂತ. ಹೆಂಗಸರನ್ನೂ ಬುಟ್ಟಿಗಳನ್ನೂ ಹಗ್ಗದಾಚೆ ಅಟ್ಟಿದ. ಗುಂಡಿಯೊಳಗೆ ಅವನು ಕಾಲಿಡುವವನಲ್ಲ, ಇನ್ನೊಬ್ಬರನ್ನು ಇಳಿಸುವವನೂ ಅಲ್ಲ. ಇಳಿಯುವುದು ಕೋಲು, ಪೈಪು, ನೀರು, ಅಷ್ಟೇ. ಉದ್ದನೆಯ ಕೋಲಿನಿಂದ ಮೂತಿಯನ್ನು ಕೊಳವೆಯ ಬಾಯಿಗೆ ಹೊಂದಿಸಿ ಒಳಕ್ಕೆ ತಳ್ಳಿದ. ಮೂತಿಯ ಹಿಂದೆ ಪೈಪಿಗೆ ಸುತ್ತಿದ ಕೆಂಪು ಪಟ್ಟಿ ಒಳಗೆ ಮರೆಯಾಗುವವರೆಗೂ ತಳ್ಳಿದ. ಪಟ್ಟಿ ಒಳಗಿದ್ದರೆ ನೀರು, ಹೊರಗೆ ಕಂಡರೆ ನೀರಿಲ್ಲ. ಇವರ ಮಾತಿನಲ್ಲಿ ನೀರು ಬಿಡುವುದೆಂದರೆ ಎಬ್ಬಿಸುವುದು, ನಿಲ್ಲಿಸುವುದೆಂದರೆ ಮಲಗಿಸುವುದು. ಆಮೇಲೆ ಮುಖದ ಕವಚ ಇಳಿಸಿಕೊಂಡು ಲಾರಿಯ ಕಡೆಗೆ ಕೂಗಿದ.

"ಎಬ್ಬಿಸ್ತೀಯಾ?"

"ಎಬ್ಬಿಸ್ತೀನಿ!"

"ಎಬ್ಬಿಸು!"

"ಎದ್ದಿತು!"

ಪೈಪು ನಡುಗಿ ಬಿಗಿಯಾಯಿತು. ಮೂತಿಯ ಹಿಂಬದಿಯ ತೂತುಗಣ್ಣುಗಳಿಂದ ನೀರು ಹಿಂದಕ್ಕೆ ಚಿಮ್ಮಿದಷ್ಟೂ ಅದು ತಾನಾಗಿ ಮುಂದಕ್ಕೆ ತೆವಳುತ್ತದೆ, ಬಿಲ ಹೊಕ್ಕ ಹಾವಿನಂತೆ. ಸಕಿಯುಸಾ ಅದನ್ನು ಹಿಡಿಯುವುದಿಲ್ಲ. ದಪ್ಪ ಕೈಗವಸಿನ ಅಂಗೈ ಮೇಲೆ ಹರಿಯಗೊಡುತ್ತಾನೆ. ನಾಡಿ ನೋಡುವವರ ಹಾಗೆ ತಲೆ ಒಂದು ಪಕ್ಕಕ್ಕೆ ವಾಲಿರುತ್ತದೆ. "ಬೆಸುಗೆ ದಾಟಿತು," ಎನ್ನುತ್ತಾನೆ. "ಬೇರು... ಹೋಯ್ತು. ಮೂಲೆ. ಮೆಲ್ಲಗೆ ಕಣೇ, ಇಲ್ಲಿ ಹಳೇ ಮಣ್ಣಿನ ಕೊಳವೆ, ಅಜ್ಜಿ ಹಲ್ಲಿದ್ದಂಗೆ." ಅಸಿನಾತೆ ಒತ್ತಡ ಇಳಿಸುತ್ತಾಳೆ. ನೆಲದಡಿಯಲ್ಲಿ, ಯಾರೂ ಕಾಣದ ಕತ್ತಲಲ್ಲಿ, ಆ ಮನುಷ್ಯ ಓಣಿ ಓಣಿ ನಡೆದು ಹೋಗುತ್ತಿದ್ದಾನೆ ಎಂದು ಅವಳಿಗೆ ಅನ್ನಿಸುತ್ತದೆ.

ಗುಂಡಿಗೆ ಬಿಳಿಯ ಹೆಂಟೆಗಳು ಬಂದು ಬೀಳತೊಡಗಿದವು. ಊಟದ ಸಾಲಿನ ಅಷ್ಟೂ ಒಲೆಗಳ ಕಾಯಿಹಾಲಿನ ಜಿಡ್ಡು, ವರ್ಷಗಟ್ಟಲೆ ತಣ್ಣಗೆ ಹೆಪ್ಪುಗಟ್ಟಿ, ಸಾಬೂನಿನ ಇಟ್ಟಿಗೆಯಾಗಿತ್ತು. ಕೊಳವೆಯ ಬಾಯಿ ಮುಚ್ಚುವಷ್ಟು ರಾಶಿಯಾದಾಗ ಸಕಿಯುಸಾ ಮಲಗಿಸು ಎಂದ, ಅವಳು ಮಲಗಿತು ಎಂದಳು. ಉದ್ದ ಹಿಡಿಯ ಸೌಟಿನಿಂದ ಅವನು ಹೆಂಟೆಗಳನ್ನು ಮೊಗೆದು ಹೊರಹಾಕಿದ. ಆಮೇಲೆ ಮತ್ತೆ ಎಬ್ಬಿಸು, ಎದ್ದಿತು.

ಈ ಸಲ ಇಂಜಿನ್ನಿನ ದನಿ ಬದಲಾಯಿತು. ಗಂಟಲಲ್ಲಿ ತುತ್ತು ಸಿಕ್ಕಿಕೊಂಡವರ ದನಿ. ಪೈಪು ಬಿಗಿದುಕೊಂಡಿತು, ಆದರೆ ತೆವಳಲಿಲ್ಲ. ಕೊಳವೆಯಿಂದ ಹನಿ ನೀರೂ ಹಿಂದಕ್ಕೆ ಬರಲಿಲ್ಲ.

"ಮಲಗಿಸು! ಮಲಗಿಸು!"

ಅಸಿನಾತೆ ನಲ್ಲಿ ತಿರುಗಿಸಿ ಮುಚ್ಚಿದಳು, ಇಂಜಿನ್ ನಿಲ್ಲಿಸಿದಳು. ಬಂದರಿನ ಸದ್ದುಗಳೆಲ್ಲ ಒಟ್ಟಿಗೇ ಕಿವಿಗೆ ನುಗ್ಗಿದವು: ಮೈನಾ ಹಕ್ಕಿ, ಕ್ರೇನು, ದಕ್ಕೆಯ ಗೋಡೆಗೆ ಬಡಿಯುವ ಅಲೆ. ಅಲೆ ಹತ್ತಿರದಲ್ಲೇ ಬಡಿಯುತ್ತಿತ್ತು. ಗುಂಡಿಯ ತಳದಲ್ಲಿ ಆಗಲೇ ಕಡಲಿನ ಹೊಳಪು.

ಮೂತಿಯನ್ನು ಕೈಯಿಂದ ಎಳೆದು ಹೊರತೆಗೆಯಬೇಕಿತ್ತು. ಸಕಿಯುಸಾ ಪೈಪಿನ ಪಕ್ಕ ನಿಂತು ಕೂಗಿದ. "ಮಲಗಿತಾ?"

ಅಸಿನಾತೆ ಹುಬ್ಬು ಹಾರಿಸಿದಳು. ತಿಳಿದು ಮಾಡಿದ್ದಲ್ಲ. ಮನಸ್ಸೆಲ್ಲ ಆ ತಳ್ಳುಗಾಡಿಯ ಮೇಲಿತ್ತು. ಹುಬ್ಬು ತನ್ನಷ್ಟಕ್ಕೆ ತಾನು ಎದ್ದು ಕೂತಿತು. ಇಂಜಿನ್ ನಿಂತದ್ದು ಊರಿಗೇ ಕೇಳಿದೆ, ಇನ್ನೇನು ಹೇಳಬೇಕು?

ಸಕಿಯುಸಾ ಕದಲಲಿಲ್ಲ. ಎರಡೂ ಕೈ ಎದೆಗೆ ಕಟ್ಟಿಕೊಂಡು ಕಂಬದ ಹಾಗೆ ನಿಂತ.

"ಎಳಿಯೋ ಭಾವ!" ಎಂದು ತರೈವಿನಿ ಹಗ್ಗದಾಚೆಯಿಂದ ಕೂಗಿದಳು. "ಫೋಟೋ ತೆಗೆಸ್ಕೊಳ್ಳೋಕೆ ನಿಂತಿದೀಯಾ? ಹುಡುಗಿ ಹೂಂ ಅಂದ್ಲಲ್ಲ!"

"ನನಗೆ ಕೇಳಿಸ್ಲಿಲ್ಲ."

"ನಾನು ಕಣ್ಣಾರೆ ಕಂಡೆ!"

"ಹಂಗಾದ್ರೆ ನೀನೇ ಬಂದು ಎಳಿ," ಎಂದ ಸಕಿಯುಸಾ. ಅವನು ಮತ್ತೆ ಲಾರಿಯ ಕಡೆಗೆ ತಿರುಗಿ, ಅವಸರವೇ ಇಲ್ಲದ ದನಿಯಲ್ಲಿ, ಮೊದಲ ಸಲ ಕೇಳುವಂತೆ ಕೇಳಿದ. "ಮಲಗಿತಾ, ಅಸಿನಾತೆ?"

ಅವಳಿಗೆ ಸಿಟ್ಟೇ ಬಂತು. ಒಂದು ಕೂಗಿನ ಕೆಲಸ, ಕೂಗಿಬಿಡೋಣ ಎಂದು ಬಾಯಿ ತೆರೆದಳು. ಆದರೆ ಬಾಯಲ್ಲಿ ಹೇಳುವ ಮೊದಲು ಮುಳ್ಳು ನೋಡಬೇಕು, ಮಾವ ಅಭ್ಯಾಸ ಮಾಡಿಸಿದ್ದು ಹಾಗೆ. ಲಾರಿಯಲ್ಲಿ ಒತ್ತಡ ತೋರಿಸುವ ಮೀಟರು ಎರಡು. ಇಂಜಿನ್ನಿನ ಮೇಲಿನದರ ಮುಳ್ಳು ಸೊನ್ನೆಯಲ್ಲಿತ್ತು. ಪೈಪು ಸುತ್ತಿದ ಉರುಳೆಯ ಹಿಂದಿನದನ್ನು ನೋಡಲು ಕತ್ತು ಹೊರಳಿಸಿದಳು.

ಆ ಮುಳ್ಳು ಕೆಂಪು ಗೆರೆಯ ಹತ್ತಿರ ನೆಟ್ಟಗೆ ನಿಂತಿತ್ತು.

ಬೇರೆ ದಿನವಾದರೆ ಉಳಿದ ನೀರು ಮೂತಿಯ ಕಣ್ಣುಗಳಿಂದ ಸೋರಿ ಮುಳ್ಳು ತಾನಾಗಿ ಬೀಳುತ್ತಿತ್ತು. ಇವತ್ತು ಕಣ್ಣುಗಳು ಮುಚ್ಚಿದ್ದವು, ಈ ಕಡೆ ನಲ್ಲಿಯೂ ಮುಚ್ಚಿತ್ತು. ನಡುವೆ ಸಿಕ್ಕಿದ ನೀರು ಉಸಿರು ಬಿಗಿಹಿಡಿದು ಕೂತಿತ್ತು. ಮಾವ ಪೈಪು ಎಳೆದು, ಮೂತಿಗೆ ಮೆತ್ತಿದ ಕೊಳೆಯನ್ನು ಬೆರಳಿನಿಂದ ಕೆರೆದಿದ್ದರೆ? ಅವಳ ಕಾಲಿನ ಬೆರಳುಗಳು ಬೂಟಿನೊಳಗೆ ಮುದುಡಿಕೊಂಡವು.

"ಮಲಗಿಲ್ಲ!" ಎಂದು ಕೂಗಿದಳು. "ಮಾವ, ಮಲಗಿಲ್ಲ! ದೂರ ಹೋಗು!"

"ದೂರ ಹೋದೆ," ಎಂದ ಸಕಿಯುಸಾ ಹಿಂದಕ್ಕೆ ಸರಿಯುತ್ತ, ಪ್ರತಿ ಮಾತಿಗೂ ಉತ್ತರ ಹೇಳುವ ಅದೇ ದನಿಯಲ್ಲಿ. "ಗಾಬರಿ ಬೇಡ. ಪಕ್ಕದಲ್ಲಿ ಚಿಕ್ಕ ನಲ್ಲಿ ಇದೆಯಲ್ಲ, ಬಿಡುಗಡೇದು. ಮೆಲ್ಲಗೆ ತೆರಿ. ಮಗು ಮಲಗಿರೋ ಮನೆ ಬಾಗಿಲು ತೆರೆದಂಗೆ."

ಅವಳು ತೆರೆದಳು. ನೀರು ಸಿಳ್ಳೆ ಹಾಕುತ್ತ ಲಾರಿಯಡಿಯ ನೆಲಕ್ಕೆ ಬಿತ್ತು. ಸಿಳ್ಳೆ ತೆಳುವಾಗುತ್ತ, ಉಸಿರಾಗಿ, ನಿಂತಿತು. ಕಲ್ಲಿನಂತಿದ್ದ ಪೈಪು ನೆಲದ ಮೇಲೆ ಸಡಿಲವಾಗಿ ಒರಗಿತು. ಎರಡೂ ಮುಳ್ಳು ಸೊನ್ನೆ. ಎರಡನ್ನೂ ಬೆರಳಿಟ್ಟು ನೋಡಿ ಅವಳು ಕೂಗಿದಳು.

"ಮಲಗಿತು."

"ಮಲಗಿತು," ಎಂದು ಸಕಿಯುಸಾ ಪೈಪಿಗೆ ಕೈ ಹಾಕಿದ.

ಅಸಿನಾತೆ ಅವನ ಹತ್ತಿರ ಬಂದಳು. "ಮಾವ, ನಾನು ಮೊದಲು... ನೋಡದೇ ಹುಬ್ಬು ಹಾರಿಸಿಬಿಟ್ಟಿದ್ದೆ."

"ಹೌದಾ?" ಎಂದ ಅವನು, ಕವಚದ ಮೇಲಿನ ಆವಿ ಒರೆಸಿಕೊಳ್ಳುತ್ತ. "ಕಾಣಿಸ್ಲಿಲ್ಲ. ಕಂಡಿದ್ರೂ ಆ ಭಾಷೆ ನನಗೆ ಮರೆತುಹೋಗಿದೆ ಕಣಮ್ಮ. ಹುಬ್ಬು ನೋಡದೇನೂ ಏಳುತ್ತೆ. ಬಾಯಿ ಒಂಚೂರು ನೋಡಿ ತೆರೆಯುತ್ತೆ, ಅಷ್ಟೇ ಅದರ ಸುಖ." ಅದಕ್ಕಿಂತ ಹೆಚ್ಚು ಅವನು ಅಂದೂ ಆಡಲಿಲ್ಲ, ಮುಂದೆಂದೂ ಆಡಲಿಲ್ಲ.

ಹೊರಬಂದ ಮೂತಿ ಗೂಡು ಕಟ್ಟಿದ ಹುಳುವಿನ ಹಾಗಿತ್ತು. ಹೆಂಟೆ ಮೊಗೆಯಲು ನಿಲ್ಲಿಸಿದ ಹೊತ್ತಿನಲ್ಲಿ ಕೆಸರು ಕಣ್ಣುಗಳೊಳಗೆ ಸೇರಿತ್ತು. ಅದರ ಮೇಲೆ ಕಾಯಿಹಾಲು ಹಿಂಡುವ ನಾರಿನ ಮುದ್ದೆ ಬಿಗಿಯಾಗಿ ಸುತ್ತಿಕೊಂಡಿತ್ತು. ಸಕಿಯುಸಾ ಕೊಕ್ಕೆಯಿಂದ ನಾರನ್ನು ಬಿಡಿಸಿ ಎತ್ತಿ ಹಿಡಿದ. ಮುದ್ದೆಯ ತುದಿಗೆ ಕೆಂಪು ಉಲ್ಲನ್ನಿನ ಗಂಟು. ಚಾಪೆಯ ಅಂಚಿಗೆ ಹೆಣೆದು ಉಳಿದ ಉಲ್ಲನ್ನಿನಿಂದ ನಾರಿನ ಮುದ್ದೆ ಕಟ್ಟುವವಳು ಈ ಸಾಲಿನಲ್ಲಿ ಒಬ್ಬಳೇ.

ಮೀನುಕಟ್ಟೆಯಲ್ಲಿ ಎಲ್ಲರೂ ತರೈವಿನಿಯ ಕಡೆ ನೋಡಿದರು.

"ಇಲಿ ಹೊತ್ಕೊಂಡು ಹೋಗಿರ್ಬೇಕು," ಎಂದಳು ತರೈವಿನಿ.

"ಹೌದು ಹೌದು," ಎಂದ ಸಕಿಯುಸಾ. "ಇಲಿ ಕಾಯಿ ತುರಿದು, ಹಾಲು ಹಿಂಡಿ, ಮೀನು ಬೇಯಿಸಿ, ಆಮೇಲೆ ಪಾತ್ರೆ ತೊಳೀತಾ ಇದನ್ನ ಬಚ್ಚಲಿಗೆ ಬಿಟ್ಟಿದೆ. ಒಳ್ಳೇ ಕೈರುಚಿ ಇರೋ ಇಲಿ."

ಈ ಸಲದ ನಗು ದಕ್ಕೆಯ ಆಚೆ ದಡಕ್ಕೂ ಕೇಳಿಸಿರಬೇಕು. ತರೈವಿನಿಯೂ ನಕ್ಕಳು, ಸೆರಗಿಲ್ಲದ ಕಾರಣ ಬಾಳೆಲೆಯಲ್ಲೇ ಮುಖ ಮುಚ್ಚಿಕೊಂಡು.

ನಗುತ್ತ ನಿಲ್ಲಲು ಹೊತ್ತಿರಲಿಲ್ಲ. ಸಕಿಯುಸಾ ತಂತಿಯಿಂದ ಮೂತಿಯ ಒಂದೊಂದೇ ಕಣ್ಣು ಬಿಡಿಸಿ, ಆಕಾಶಕ್ಕೆ ಹಿಡಿದು ಬೆಳಕು ತೂರುವುದನ್ನು ನೋಡಿದ. ಗುಂಡಿಯಲ್ಲಿ ಉಪ್ಪುನೀರು ಕೊಳವೆಯ ಬಾಯಿಗೆ ಇನ್ನೇನು ತಾಕಬೇಕು. ಆದರೂ ಅವನು ಕೋಲು ಹಿಡಿದ ರೀತಿ ಅದೇ, ಪಟ್ಟಿ ಮರೆಯಾಗುವವರೆಗೆ ತಳ್ಳಿದ್ದೂ ಅಷ್ಟೇ. ಎಬ್ಬಿಸ್ತೀಯಾ, ಎಬ್ಬಿಸ್ತೀನಿ. ಎಬ್ಬಿಸು, ಎದ್ದಿತು. ಒಂದು ಮಾತೂ ಅವನು ನುಂಗಲಿಲ್ಲ. ಅಸಿನಾತೆ ಈ ಸಲ ಪ್ರತಿ ಉತ್ತರವನ್ನೂ ಎರಡು ಮುಳ್ಳು ನೋಡಿಯೇ ಕೊಟ್ಟಳು. ಅದಕ್ಕೆ ಉಸಿರೆಳೆಯುವಷ್ಟೂ ಹೊತ್ತು ಬೇಕಾಗುವುದಿಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು.

ಪೈಪು ತೆವಳಿತು, ನಿಂತಿತು, ಮತ್ತೆ ತೆವಳಿತು. ಸಕಿಯುಸಾನ ತಲೆ ವಾಲಿತು. "ಸಿಕ್ಕಿತು," ಎಂದ. "ಗೋಡೆ ಇದ್ದಂಗಿದೆ. ಇನ್ನೊಂಚೂರು ಕೊಡು. ಸಾಕು. ಅಲ್ಲೇ ಇರು. ಕೊರೀತಾ ಇದೆ... ಕೊರೀತಾ ಇದೆ..."

ನೆಲದಡಿ ಗುಡುಗಿನಂಥದೊಂದು ಸದ್ದು. ಕೊಳವೆಯ ಬಾಯಿಂದ ಕಪ್ಪು ನೀರು ಧಬಧಬನೆ ಧುಮುಕಿ ಗುಂಡಿಯ ಉಪ್ಪುನೀರನ್ನು ಹಿಂದಕ್ಕೆ ತಳ್ಳಿತು. ಮೇಲಿನ ಸಾಲಿನ ಕೊನೆಯಿಂದ ಗೌಂಡರನ ಕೂಗು ಕೇಳಿಸಿತು, "ಇಳೀತು! ಅಕ್ಕಾ, ಬಚ್ಚಲು ಇಳೀತು!" ಸಕಿಯುಸಾ ಪೈಪನ್ನು ಮೆಲ್ಲಗೆ ಹಿಂದಕ್ಕೆ ತೆಗೆಸಿ, ಕೆಂಪು ಪಟ್ಟಿ ಕಾಣುವ ಮೊದಲೇ ಮಲಗಿಸಿ, ಆಮೇಲಷ್ಟೇ ಕವಚ ಎತ್ತಿದ. ಆ ಹುಬ್ಬಿಲ್ಲದ ಮುಖದ ತುಂಬ ಬೆವರು. ತಡೆಯಲು ಹುಬ್ಬಿಲ್ಲದೆ ಬೆವರು ನೇರ ಕಣ್ಣಿಗೇ ಇಳಿಯುತ್ತಿತ್ತು. ಎಷ್ಟು ವರ್ಷದಿಂದ ಹೀಗೆ ಉರಿಯುವ ಕಣ್ಣು ಒರೆಸಿಕೊಳ್ಳುತ್ತಿದ್ದಾನೋ ಎಂದು ಅಸಿನಾತೆ ಮೊದಲ ಬಾರಿಗೆ ಯೋಚಿಸಿದಳು. ಹೆಗಲ ಮೇಲಿನ ಬಟ್ಟೆಯನ್ನು ಅವನ ಕೈಗೆ ಕೊಟ್ಟಳು.

ಊಟದ ಗಂಟೆ ಹೊಡೆದಾಗ ಗೌಂಡರ್ ಬೀಗವನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಕೋಣೆಯ ನೆಲವನ್ನು ಮೀನುಕಟ್ಟೆಯ ಹೆಂಗಸರೇ ಸೇರಿ ತಿಕ್ಕಿ ತೊಳೆದರು. ಹಮಾಲರು ಬೆಂಚು ತುಂಬಿದರು. ಕೈಕಾಲು ಸಾಬೂನಿನಲ್ಲಿ ತೊಳೆದು ಬಂದ ಸಕಿಯುಸಾ ಮೂಲೆಯಲ್ಲಿ ಕೂತು, ಲಾರಿಯಿಂದ ತಂದ ತಂತಿಬಲೆಯ ಚೂರನ್ನು ಬಚ್ಚಲಿನ ಬಾಯಿಯ ಅಳತೆಗೆ ಕತ್ತರಿಸಿ ತರೈವಿನಿಯ ಕಟ್ಟೆಯ ಮೇಲಿಟ್ಟ.

"ಇಲಿಗೆ," ಎಂದ.

ತರೈವಿನಿ ಅದನ್ನು ನೋಡದವಳಂತೆ ಅವನ ತಟ್ಟೆಗೆ ಮೀನಿನ ತಲೆ ಬಡಿಸಿದಳು, ಊರ ಹಿರಿಯರಿಗೆ ಬಡಿಸುವ ಭಾಗ. ಆಮೇಲೆ ಸೌಟು ಹಿಡಿದು ಅಸಿನಾತೆಯ ಮುಂದೆ ನಿಂತಳು. "ನಿನಗೆ ಇನ್ನೊಂದು ಸೌಟು?"

ಬಾಯಿ ತುಂಬ ಮರಗೆಣಸಿತ್ತು. ಅಸಿನಾತೆ ಹುಬ್ಬು ಹಾರಿಸಿದಳು.

ಸೌಟು ಗಾಳಿಯಲ್ಲೇ ನಿಂತಿತು. "ನನಗೆ ಕೇಳಿಸ್ಲಿಲ್ಲ," ಎಂದಳು ಅತ್ತೆ.

"ಹಾಕು ಅತ್ತೆ, ಹಾಕು!"

"ಹಾಕಿದೆ."

ಬಡಿಸಿ ಮುಗಿಸಿ ತರೈವಿನಿ ಒಳಗೆ ಹೋದಳು. ಪಾತ್ರೆ ತೊಳೆದ ನೀರಿನ ಬೋಗುಣಿ ಎತ್ತಿದವಳು ಬಚ್ಚಲ ಮುಂದೆ ತಡೆದು, ಎಲ್ಲರಿಗೂ ಬೆನ್ನು ಮಾಡಿ, ತಂತಿಬಲೆಯನ್ನು ಅದರ ಬಾಯಿಗೆ ಕೂರಿಸಿ ಅಂಗೈಯಿಂದ ಒತ್ತಿದಳು. ನೀರು ಗುಳುಗುಳು ಎಂದು ಇಳಿದುಹೋಯಿತು. ಬಲೆಯ ಮೇಲೆ ಒಂದಿಷ್ಟು ನಾರು ಉಳಿಯಿತು.